ಕಂಪ್ಯೂಟರಮ್ಮನ ಕೆಂಪು ಚುಕ್ಕೆ

"ಕನಕರಾಜು ಮೂಲವ್ಯಾಧಿ, ದಯವಿಟ್ಟು ವೈದ್ಯರ ಕೊಠಡಿಗೆ ಬನ್ನಿ."

ತರೀಕೆರೆಯ ಕ್ಲಿನಿಕ್ಕಿನ ಗೋಡೆಗೆ ತೂಗುಹಾಕಿದ್ದ ಪರದೆಯಿಂದ ಹೊರಟ ಹೆಣ್ಣುದನಿ ಇಷ್ಟನ್ನು ಬಹಳ ಮರ್ಯಾದೆಯಿಂದ, ಅಕ್ಷರ ಅಕ್ಷರ ಬಿಡಿಸಿ, ಹೊರಗೆ ನಿಂತಿದ್ದ ಆಟೋದವರಿಗೂ ಕೇಳುವಷ್ಟು ಜೋರಾಗಿ ಹೇಳಿತು.

ಮೂಲೆಯ ಬೆಂಚಿನಲ್ಲಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದ ಪತ್ತೇದಾರ ಕನಕರಾಜುವಿನ ಕಿವಿ ಬಿಸಿಯಾಯಿತು. ಯಾರ ಕಣ್ಣಿಗೂ ಬೀಳದೆ ಕೆಲಸ ಮುಗಿಸಬೇಕೆಂದು ಕಡೂರಿನಿಂದ ಬೀರೂರಿಗೆ ಬಂದು, ಅಲ್ಲಿ ಬೇಕೆಂತಲೇ ಬಸ್ಸು ಬದಲಿಸಿ, ತಲೆಗೆ ಮಫ್ಲರ್ ಸುತ್ತಿಕೊಂಡು ಬಂದಿದ್ದ. ಈಗ ಅಲ್ಲಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು.

ಪಕ್ಕದಲ್ಲಿ ಕೂತಿದ್ದ ಮುದುಕಿ ಮಾರಮ್ಮ ತನ್ನ ಚೀಲವನ್ನು ಎಳೆದುಕೊಂಡು ದಾರಿ ಬಿಟ್ಟಳು. "ನಿಧಾನಕ್ಕೆ ಏಳಪ್ಪಾ. ಬಿರ್ರನೆ ಎದ್ರೆ ಜಾಸ್ತಿ ಆಯ್ತದೆ."

ಕನಕರಾಜು ಕೌಂಟರಿನ ಬಳಿ ಹೋಗಿ ರಿಸೆಪ್ಷನಿಸ್ಟ್ ಮಾಲಿನಿಯ ಕಡೆ ಬಾಗಿದ. "ಏನಮ್ಮಾ ಇದು? ಏನೋ ಒಂದು ಕಾಯಿಲೆ ಹೇಳ್ಬೇಕಲ್ಲ ಅಂತ ಹೇಳಿದ್ದು. ಅದನ್ನ ಹೀಗೆ ಡಂಗೂರ ಹೊಡೆಯೋದಾ?"

"ಇನ್ನೊಬ್ರು ಕನಕರಾಜು ಇದ್ದಾರೆ ಸಾರ್, ಕೆಮ್ಮಿನವರು," ಎಂದಳು ಮಾಲಿನಿ, ಕೀಬೋರ್ಡಿನಿಂದ ಕಣ್ಣು ತೆಗೆಯದೆ. "ಗೊಂದಲ ಆಗ್ಬಾರ್ದು ಅಂತ ಹೆಸರಿನ ಪಕ್ಕ ಕಾಯಿಲೆ ಹಾಕ್ಕೊಂಡಿದೀನಿ. ಅವರೇನೂ ಬೇಜಾರು ಮಾಡ್ಕೊಳ್ಲಿಲ್ಲಪ್ಪ."

ಡಾಕ್ಟರ್ ಓಂಕಾರಮೂರ್ತಿಯವರು ಅವನು ಒಳಗೆ ಬಂದ ಕೂಡಲೇ ಎದ್ದು ಬಾಗಿಲು ಹಾಕಿದರು. ನಾಲ್ಕು ದಿನಗಳಿಂದ ಸರಿಯಾಗಿ ನಿದ್ದೆಯಿಲ್ಲದ ಮುಖ.

"ಸಾಯಂಕಾಲದೊಳಗೆ ನಂಗೊಂದು ಹೆಸರು ಬೇಕು ಕನಕರಾಜು. ಇಲ್ದಿದ್ರೆ ಕೋಮಲಾ ಹೆಸರನ್ನೇ ಸ್ಟೇಷನ್ನಿಗೆ ಕೊಡ್ತೀನಿ. ರಂಗಯ್ಯನ ತಮ್ಮ ಕಡೂರಿನ ಕ್ಲಿನಿಕ್ ಬಾಗಿಲಲ್ಲಿ ಚಾಪೆ ಹಾಸ್ಕೊಂಡು ಧರಣಿ ಮಲಗಿದ್ದಾನೆ."

"ಮಲಗ್ಲಿ ಬಿಡಿ ಡಾಕ್ಟ್ರೇ."

"ಏನು ಬಿಡೋದು? ಬಂದ ಪೇಷೆಂಟೆಲ್ಲ ಅವನನ್ನ ನೋಡಿ, ಒಳಗೆ ಬೆಡ್ ಖಾಲಿ ಇಲ್ಲ ಅನ್ಕೊಂಡು ವಾಪಸ್ ಹೋಗ್ತಿದ್ದಾರೆ!"

ಕಡೂರು, ತರೀಕೆರೆ, ಅಜ್ಜಂಪುರ, ಮೂರೂ ಕಡೆ ಓಂಕಾರಮೂರ್ತಿಯವರ ಕ್ಲಿನಿಕ್ಕುಗಳಿದ್ದವು. ಮೂರನ್ನೂ ಒಂದೇ ಸಾಫ್ಟ್‌ವೇರ್ ನಡೆಸುತ್ತಿತ್ತು. ಅದು ಬರುವ ಮುಂಚೆ ಜನ ಬೆಳಕು ಹರಿಯುವ ಮೊದಲೇ ಬಂದು ಬಾಗಿಲ ಮುಂದೆ ಚಪ್ಪಲಿಗಳನ್ನು ಸಾಲಾಗಿ ಬಿಟ್ಟು ಟೀ ಕುಡಿಯಲು ಹೋಗುತ್ತಿದ್ದರು. ಚಪ್ಪಲಿ ಹಿಂದುಮುಂದಾದರೆ ಜ್ವರದವನು ಎದ್ದುಬಂದು ಹಲ್ಲುನೋವಿನವನ ಕೊರಳಪಟ್ಟಿ ಹಿಡಿಯುತ್ತಿದ್ದ. ಈಗ ಬುಕ್ಕಾಂಬುಧಿಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿರುವವನ ಫೋನಿಗೇ 'ನಿಮ್ಮ ಸರದಿ ಹತ್ತಿರ ಬಂತು' ಎಂದು ಸಂದೇಶ ಹೋಗುತ್ತಿತ್ತು. ಅಜ್ಜಂಪುರದಲ್ಲಿ ಬರೆದ ಮಾತ್ರೆ ಕಡೂರಿನಲ್ಲೂ ಕಾಣುತ್ತಿತ್ತು. ಔಷಧಿ ಖಾಲಿಯಾಗುವ ಮುಂಚೆ ಎಚ್ಚರಿಕೆ ಬರುತ್ತಿತ್ತು. ಸಕ್ಕರೆ ಕಾಯಿಲೆಯವರಿಗೆ ಪರೀಕ್ಷೆಯ ದಿನ ನೆನಪಿಸುತ್ತಿತ್ತು. ಜನ ಅದಕ್ಕೆ ಕಂಪ್ಯೂಟರಮ್ಮ ಎಂದು ಹೆಸರಿಟ್ಟಿದ್ದರು. ಆಯುಧಪೂಜೆಯ ದಿನ ಯಾರೋ ಪರದೆಗೆ ಕುಂಕುಮ ಮೆತ್ತಿದ್ದರು; ಅದನ್ನು ಒರೆಸುವುದೇ ಮಾಲಿನಿಗೆ ದೊಡ್ಡ ಕೆಲಸವಾಗಿತ್ತು.

ಕಂಪ್ಯೂಟರಮ್ಮನ ದೊಡ್ಡ ಉಪಕಾರವೆಂದರೆ ಕೆಂಪು ಚುಕ್ಕೆ. ಯಾರ ಮೈಗೆ ಯಾವುದಾದರೂ ಔಷಧಿ ಒಗ್ಗದೋ ಅವರ ಹೆಸರಿನ ಪಕ್ಕ ಆ ಚುಕ್ಕೆ ಮಿನುಗುತ್ತಿತ್ತು. ಬುಕ್ಕಾಂಬುಧಿಯ ರಂಗಯ್ಯನಿಗೆ ಪೆನಿಸಿಲಿನ್ ಆಗದು. ಕಡೂರಿನ ರಿಸೆಪ್ಷನಿಸ್ಟ್ ಕೋಮಲಾ ತಾನೇ ಅವನ ಹೆಸರಿಗೆ ಚುಕ್ಕೆ ಇಟ್ಟಿದ್ದಳು. ಕಳೆದ ಸೋಮವಾರ ಅವನು ಕಡೂರಿಗೆ ಬಂದಾಗ ಆ ಚುಕ್ಕೆ ಇರಲಿಲ್ಲ. ಪೆನಿಸಿಲಿನ್ ಒಗ್ಗುತ್ತದೆಯೇ ಎಂದು ಡಾಕ್ಟರು ಬಾಯಿಮಾತಿನಲ್ಲೂ ಕೇಳಿದ್ದರು. ಯಾರು ಏನು ಕೇಳಿದರೂ ತಲೆಯಾಡಿಸುವ ರಂಗಯ್ಯ ಅದಕ್ಕೂ ತಲೆಯಾಡಿಸಿದ. ಸೂಜಿ ಇಳಿದ ಸ್ವಲ್ಪ ಹೊತ್ತಿಗೆ ತುಟಿ ಊದಿಕೊಂಡು ನೆಲಕ್ಕೆ ಬಿದ್ದ. ಉಳಿದದ್ದೇ ಹೆಚ್ಚು. ಈಗ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದ. ಹೆಂಡತಿ ಅಂಬಮ್ಮ ಕೈ ಹಿಡಿದು ಕೂತಿದ್ದಳು. ಚುಕ್ಕೆ ಅಳಿಸಿದ್ದು ಕೋಮಲಾಳ ಲಾಗಿನ್ನಿನಿಂದ ಎಂದು ಕಂಪ್ಯೂಟರ್ ಹೇಳುತ್ತಿತ್ತು. ಅವಳು ದೇವರಾಣೆ ನಾನಲ್ಲ ಎಂದು ಅತ್ತಿದ್ದಳು. ಡಾಕ್ಟರು ಅವಳನ್ನು ಕೆಲಸದಿಂದ ಮನೆಗೆ ಕಳಿಸಿದ್ದರು.

"ಬೆಳಿಗ್ಗೆ ಬೀರೂರಿನ ಪರಮೇಶನ ಹತ್ರ ಮಾತಾಡ್ದೆ," ಎಂದ ಕನಕರಾಜು ದನಿ ತಗ್ಗಿಸಿ. ಪರಮೇಶ್ ಎಂದರೆ ಆ ಸಾಫ್ಟ್‌ವೇರನ್ನು ಕೂರಿಸಿ, ಕೆಟ್ಟಾಗ ಬಂದು ನೋಡಿ ಹೋಗುವ ಹುಡುಗ. "ಹೋದ ಶುಕ್ರವಾರ ಕೋಮಲಾ ಲಾಗಿನ್ ಓಪನ್ ಆಗಿರೋದು ಈ ತರೀಕೆರೆ ಕಂಪ್ಯೂಟರ್‌ನಲ್ಲಿ. ಅವತ್ತು ಅವಳು ಕಡೂರಲ್ಲೇ ಇದ್ಳು. ಅಂದ್ರೆ ಕಳ್ಳ ಈ ಕಟ್ಟಡದಲ್ಲೇ ಅವ್ನೆ ಡಾಕ್ಟ್ರೇ."

ಇಷ್ಟು ಹೇಳುವಾಗ ಅವನ ಎದೆ ತಾನಾಗಿಯೇ ಉಬ್ಬಿತು. ಕಡೂರಿನ ಕೊಬ್ಬರಿ ಮಂಡಿಯ ಮೇಲಿನ ಕೋಣೆಯಲ್ಲಿ ಅವನ ಪತ್ತೇದಾರಿ ಆಫೀಸು. ಇಷ್ಟು ವರ್ಷ ಮಾಡಿದ್ದೆಲ್ಲ ಮದುವೆ ಗಂಡುಗಳ ವಿಚಾರಣೆ: ಹುಡುಗ ಕುಡಿಯುತ್ತಾನೋ, ಕೂದಲು ಸ್ವಂತದ್ದೋ. ಹೆಂಡತಿ ಪ್ರತಿಮಾ ಹೊರಡುವಾಗ ಹೇಳಿದ್ದಳು: "ಈ ಸಲನಾದ್ರೂ ಗಂಡು ಬಿಟ್ಟು ಒಬ್ಬ ಕಳ್ಳನ್ನ ಹಿಡ್ಕೊಂಡು ಬನ್ನಿ."

ಡಾಕ್ಟರು ಕೀಬೋರ್ಡಿನ ಮೇಲೆ ಏನೋ ಕುಟ್ಟಿದರು.

"ಏನು ಬರೆದ್ರಿ?"

"ಒಂದು ಇಂಜೆಕ್ಷನ್."

"ಯಾರಿಗೆ?"

"ನಿಮಗೇ. ಬಂದ ಪೇಷೆಂಟನ್ನ ಬರೀ ಕೈಲಿ ಕಳಿಸಿದ್ರೆ ಹೊರಗಡೆಯವರಿಗೆ ಅನುಮಾನ ಬರಲ್ವೇ?"

"ಮಾತ್ರೆ ಬರೀಬೋದಿತ್ತಲ್ಲ ಡಾಕ್ಟ್ರೇ!" ಕನಕರಾಜುವಿಗೆ ಸೂಜಿ ಎಂದರೆ ಶಾಲೆಯಲ್ಲಿ ಲಸಿಕೆಯವರು ಬಂದಾಗ ಕಿಟಕಿ ಹಾರಿದ್ದ ಕಾಲದಿಂದಲೂ ಆಗದು.

"ಬಟನ್ ಒತ್ತಿ ಆಯ್ತು. ರೇಣುಕಪ್ರಸಾದ್‌ಗೆ ಹೋಗಿಬಿಟ್ಟಿದೆ."

ಇಂಜೆಕ್ಷನ್ ಕೋಣೆ ಎಂದರೆ ಒಂದು ಕರ್ಟನ್, ಒಂದು ಬೆಂಚು, ಒಂದು ಸ್ಟೂಲು, ಮತ್ತು ಕಾಂಪೌಂಡರ್ ರೇಣುಕಪ್ರಸಾದ್. ತಲೆ ನರೆತ, ದಪ್ಪ ಕನ್ನಡಕದ ಆಸಾಮಿ. ಸಾಫ್ಟ್‌ವೇರ್ ಬಂದಾಗಿನಿಂದ ಅದರ ಮೇಲೆ ಮುನಿಸಿಕೊಂಡು, ಕಂಪ್ಯೂಟರಿಗೆ ಬೆನ್ನು ಹಾಕಿಯೇ ಓಡಾಡುತ್ತಾರೆಂದು ಪರಮೇಶ್ ಹೇಳಿದ್ದ. ಅನುಮಾನಪಡಲು ಕನಕರಾಜುವಿಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿರಲಿಲ್ಲ.

"ಮಕ್ಕಾಡೆ ಮಲ್ಕೊಳ್ಳಿ. ಬೆಲ್ಟ್ ಸಡಿಲ ಮಾಡಿ," ಎಂದರು ರೇಣುಕಪ್ರಸಾದ್, ಸಿರಿಂಜನ್ನು ಬೆಳಕಿಗೆ ಹಿಡಿದು.

ಕನಕರಾಜು ಬೆಲ್ಟಿಗೆ ಕೈಹಾಕಿ, ಅಲ್ಲೇ ನಿಲ್ಲಿಸಿದ. ಇದೇ ಸರಿಯಾದ ಗಳಿಗೆ ಎನಿಸಿತು.

"ಹೋದ ಶುಕ್ರವಾರ ಕೋಮಲಾ ಲಾಗಿನ್ನಲ್ಲಿ ಕಂಪ್ಯೂಟರ್ ಓಪನ್ ಮಾಡಿದ್ದು ನೀವೇ ತಾನೆ?"

ಸಿರಿಂಜ್ ಗಾಳಿಯಲ್ಲೇ ನಿಂತಿತು. "ಯಾರ್ರೀ ನೀವು?"

"ಅದು ಆಮೇಲೆ. ಹೌದೋ ಅಲ್ವೋ ಹೇಳಿ."

"ಮೂಲವ್ಯಾಧಿಯವ್ರಿಗೆ ಅದೆಲ್ಲ ಯಾಕ್ರೀ?"

"ನಂಗೆ ಮೂಲವ್ಯಾಧಿ ಇಲ್ಲ!" ಕನಕರಾಜು ಕೂಗಿಯೇಬಿಟ್ಟ. ಹೊರಗೆ ಬೆಂಚುಗಳ ಮೇಲೆ ಮಾತು ನಿಂತಿತು. ಅವನು ದನಿ ಇಳಿಸಿದ. "ನಾನು ಪತ್ತೇದಾರ. ಬುಕ್ಕಾಂಬುಧಿ ರಂಗಯ್ಯ ಸಾಯೋನು ಉಳ್ಕೊಂಡವ್ನೆ. ಒಂದು ಹೆಣ್ಣುಮಗಳು ಮಾಡದೆ ಇರೋ ತಪ್ಪಿಗೆ ಕೆಲ್ಸ ಕಳ್ಕೊಂಡು ಕೂತವ್ಳೆ. ಸಾಯಂಕಾಲ ಪೊಲೀಸ್ರು ಅವಳ ಮನೆ ಬಾಗಿಲಿಗೆ ಹೋಗ್ತಾರೆ. ಹೇಳಿ, ನೀವೇ ತಾನೆ?"

ರೇಣುಕಪ್ರಸಾದರ ಮುಖದ ಬಣ್ಣ ಇಳಿಯಿತು. ಸಿರಿಂಜನ್ನು ಟ್ರೇಯಲ್ಲಿಟ್ಟು ಸ್ಟೂಲಿನ ಮೇಲೆ ಕುಸಿದರು.

"ನಾನೇ ಕಣ್ರೀ."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾರೆಂದು ಎಣಿಸದ ಕನಕರಾಜುವಿಗೆ ಮುಂದಿನ ಪ್ರಶ್ನೆಯೇ ಮರೆತುಹೋಯಿತು. ಬೆಲ್ಟ್ ಬಿಗಿಮಾಡಿಕೊಂಡ.

"ಅವತ್ತು ಮಾಲಿನಿ ರಜಾ," ಎಂದು ರೇಣುಕಪ್ರಸಾದ್ ಕರವಸ್ತ್ರದಲ್ಲಿ ಮೂಗೊರೆಸಿಕೊಂಡರು. "ಔಷಧಿ ಬಾಕ್ಸ್ ಬಂದಿತ್ತು. ಸ್ಟಾಕಿಗೆ ಹಾಕ್ಬೇಕಿತ್ತು. ನನ್ ಪಾಸ್‌ವರ್ಡ್ ನಂಗೆ ನೆನಪಿರಲ್ಲ. ಕೋಮಲಾಗೆ ಫೋನ್ ಮಾಡ್ದೆ. ಪಾಪ, ತನ್ದೇ ಕೊಟ್ಟಳು. ಒಳಗೆ ಹೋದ್ರೆ ಒಂದು ಚೌಕ ಎದ್ದು ನಿಂತ್ಕೊಳ್ತು. ರಂಗಯ್ಯ ಅನ್ನೋರು ಇಬ್ರು ಅವ್ರೆ, ಇಬ್ರೂ ಒಬ್ರೇನಾ, ಸೇರಿಸಿಬಿಡ್ಲಾ ಅಂತ ಕೇಳ್ತು. ಹೌದು ಅಂದೆ."

"ಯಾಕೆ ಹೌದು ಅಂದ್ರಿ?"

"ಇಲ್ಲ ಅಂದ್ರೆ ಇನ್ನೊಂದು ಪ್ರಶ್ನೆ ಕೇಳುತ್ತೆ ಕಣ್ರೀ ಅದು! ಹೌದು ಅಂದ್ರೆ ಸುಮ್ನಾಗುತ್ತೆ. ನಾನು ಅದಕ್ಕೆ ಯಾವತ್ತೂ ಇಲ್ಲ ಅಂದೋನೇ ಅಲ್ಲ." ಅವರು ಕನ್ನಡಕ ಎತ್ತಿ ಕಣ್ಣೊರೆಸಿಕೊಂಡರು. "ರಂಗಯ್ಯಂಗೆ ಹಿಂಗಾಯ್ತು ಅಂತ ಕೇಳ್ದಾಗಿಂದ ಅನ್ನ ಇಳೀತಿಲ್ಲ. ನನ್ನಿಂದ್ಲೇ ಚುಕ್ಕೆ ಹೋಗಿರ್ಬೇಕು. ಹೇಳೋಕೆ ಹೆದ್ರಿಕೆ ಆಯ್ತು. ಕೋಮಲಾ ನನ್ನ ಮಗಳಿದ್ದಂಗೆ."

ಕನಕರಾಜುವಿಗೆ ಗೆದ್ದ ಸಂತೋಷದ ಜೊತೆಗೇ ಈ ಮುದುಕರ ಮೇಲೆ ಕನಿಕರವೂ ಬಂತು. ಆದರೂ ಪತ್ತೇದಾರನ ಗತ್ತು ಬಿಡಲಾಗಲಿಲ್ಲ.

"ಕೋಮಲಾ ಪಾಸ್‌ವರ್ಡ್ ಗೊತ್ತಿದ್ದಿದ್ದು ನಿಮಗೊಬ್ರಿಗೇ ಅಂದ್ಹಾಗಾಯ್ತು."

"ಕೋಮಲ, ಆಮೇಲೆ ಒಂದು ಎರಡು ಮೂರು," ಎಂದಿತು ಕರ್ಟನ್ನಿನ ಆಚೆಯಿಂದ ಒಂದು ದನಿ.

ಕನಕರಾಜು ಕರ್ಟನ್ ಸರಿಸಿದ. ಮಾರಮ್ಮ ಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು.

"ನಿಂಗೆ ಹೆಂಗಜ್ಜಿ ಗೊತ್ತು?"

"ಅವತ್ತು ನಾನೂ ಬಂದಿದ್ನಲ್ಲಪ್ಪ, ಬಿ.ಪಿ. ಮಾತ್ರೆಗೆ. ಫೋನಲ್ಲಿ ಸರಿಯಾಗಿ ಕೇಳ್ದು ಅಂತ ಇವ್ರು ಒಂದೊಂದೇ ಕೂಗಿ ಕೂಗಿ ಹೇಳ್ಕೊಂಡ್ರು. ಇಲ್ಲಿ ಕುಂತಿದ್ದೋರ್ಗೆಲ್ಲ, ಡಾಕ್ಟ್ರ ಮನೆ ಅಮ್ಮಾವ್ರಿಗೂ ಸೇರಿ, ಬಾಯಿಪಾಠ ಆಗೋಯ್ತು. ನನ್ ಸೊಸೆ ಮೊಬೈಲಿಗೂ ಅದ್ನೇ ಇಟ್ಕೊಂಡವ್ಳೆ."

ಕನಕರಾಜುವಿನ ಮನಸ್ಸಿನಲ್ಲಿ ಒಬ್ಬನೇ ಒಬ್ಬನಿದ್ದ ಆರೋಪಿಯ ಜಾಗದಲ್ಲಿ ಅರ್ಧ ತರೀಕೆರೆ ಬಂದು ನಿಂತಿತು. ಆದರೆ ಕೈಗೆ ಸಿಕ್ಕ ತಪ್ಪೊಪ್ಪಿಗೆಯನ್ನು ಬಿಡುವಷ್ಟು ಹುಚ್ಚು ಅವನಿಗಿರಲಿಲ್ಲ. ರೇಣುಕಪ್ರಸಾದರ ಕೈ ಹಿಡಿದು ಕೌಂಟರಿಗೆ ಕರೆತಂದ. ಡಾಕ್ಟರನ್ನೂ ಹೊರಗೆ ಕರೆದ.

"ನಿಮ್ಮ ಹೆಸರು ಸಿಕ್ತು ಡಾಕ್ಟ್ರೇ. ಕಳ್ಳತನ ಅಲ್ಲ, ಕೈತಪ್ಪು. ಇವರು ಇಬ್ಬರು ರಂಗಯ್ಯಂದಿರನ್ನ ಸೇರಿಸಿಬಿಟ್ಟವ್ರೆ. ಅದ್ರಲ್ಲಿ ಚುಕ್ಕೆ ಹೋಗಿದೆ."

ಡಾಕ್ಟರು ರೇಣುಕಪ್ರಸಾದರ ಕಡೆ ತಿರುಗಿದರು. ಬೈಯಲು ಬಾಯಿ ತೆರೆದು, ಅವರ ಕಣ್ಣೀರು ಕಂಡು ಮುಚ್ಚಿಕೊಂಡರು.

"ಸೇರಿಸಿದ್ರೆ ಚುಕ್ಕೆ ಹೋಗಲ್ವಲ್ಲ ಸಾರ್," ಎಂದಳು ಮಾಲಿನಿ.

ಎಲ್ಲರೂ ಅವಳ ಕಡೆ ತಿರುಗಿದರು.

"ಇಬ್ಬರಲ್ಲಿ ಒಬ್ರಿಗೆ ಚುಕ್ಕೆ ಇದ್ರೂ ಸೇರಿಸಿದ್ಮೇಲೆ ಉಳ್ಕೊಳ್ಳುತ್ತೆ. ಪ್ರಾಣದ ವಿಷಯ ಅಲ್ವಾ, ಹಂಗೇ ಮಾಡಿರೋದು. ಅದನ್ನ ತೆಗೀಬೇಕಂದ್ರೆ ಒಬ್ರು ಬೇಕೂಂತ್ಲೇ ಒಳಗೆ ಹೋಗಿ ತೆಗೀಬೇಕು. ನೋಡಿ, ತೋರಿಸ್ತೀನಿ."

ಅವಳು ಮೂರೂ ಊರಿನ ಕೆಂಪು ಚುಕ್ಕೆಯವರನ್ನೆಲ್ಲ ಒಟ್ಟಿಗೆ ತೆರೆದಳು. ಹೆಸರುಗಳು ಒಂದರ ಕೆಳಗೊಂದು ಬಂದು ನಿಂತವು. ರೇಣುಕಪ್ರಸಾದ್ ಕನ್ನಡಕ ಸರಿಮಾಡಿಕೊಂಡು, ಅಂದಿಗೆ ಮೊದಲ ಸಲ ಕಂಪ್ಯೂಟರಿಗೆ ಮುಖ ಕೊಟ್ಟು ನೋಡಿದರು. "ಅಂದ್ರೆ ನಾನಲ್ವಾ?" ಎಂದು ಮಗುವಿನಂತೆ ಕೇಳಿದರು.

ಮಾಲಿನಿ ಪರದೆಯ ಹತ್ತಿರಕ್ಕೆ ಬಾಗಿದಳು. ಅವಳ ಕಣ್ಣು ಅಗಲವಾಗಿತ್ತು.

ಮೇಲಿನಿಂದ ಒಂದು ಚುಕ್ಕೆ ಅಳಿಸಿಹೋಯಿತು. ಹೆಸರೂ ಮಾಯವಾಯಿತು.

"ಏನ್ ಒತ್ತಿದೆ?" ಎಂದರು ಡಾಕ್ಟರು.

"ಏನೂ ಇಲ್ಲ ಸಾರ್. ಕೈ ಇಲ್ಲಿದೆ ನೋಡಿ." ಅವಳು ಎರಡೂ ಕೈ ಮೇಲೆತ್ತಿದಳು.

ಇನ್ನೊಂದು ಹೋಯಿತು. ಆಮೇಲೆ ಮತ್ತೊಂದು. ಯಾರೋ ನಿಧಾನವಾಗಿ, ಬಟ್ಟೆಯಲ್ಲಿ ಒರೆಸಿದ ಹಾಗೆ ಚುಕ್ಕೆಗಳನ್ನು ಅಳಿಸುತ್ತಿದ್ದರು.

ಪರದೆಯ ಕೆಳಗೆ, ಯಾರು ಎಲ್ಲಿ ಕೆಲಸ ಮಾಡುತ್ತಿದ್ದಾರೆ ಎಂದು ತೋರಿಸುವ ಸಾಲಿನಲ್ಲಿ, 'ಕೋಮಲಾ, ಅಜ್ಜಂಪುರ' ಎಂದಿತ್ತು.

ಕನಕರಾಜು ಕೋಮಲಾಳಿಗೆ ಫೋನ್ ಹಚ್ಚಿದ. ಒಂದೇ ರಿಂಗಿಗೆ ಎತ್ತಿದಳು.

"ಎಲ್ಲಿದೀಯಮ್ಮಾ?"

"ಮನೇಲಿ ಸಾರ್, ಕಡೂರಲ್ಲಿ. ಅಕ್ಕಿ ಆರಿಸ್ತಿದೀನಿ. ಇನ್ನೇನು ಕೆಲ್ಸ ಇದೆ ನಂಗೆ?"

ಹಿಂದಿನಿಂದ ಅವಳ ತಾಯಿಯ ದನಿ ಕೇಳಿತು: "ಯಾರೇ ಅದು, ಪೊಲೀಸಾ?"

"ಅಲ್ಲ ಕಣಮ್ಮಾ," ಎಂದ ಕನಕರಾಜು. "ನಿಮ್ಮ ಮಗಳಿಗೆ ಏನೂ ಆಗಲ್ಲ. ಧೈರ್ಯವಾಗಿರಿ." ಫೋನ್ ಇಟ್ಟು ಡಾಕ್ಟರ ಕಡೆ ತಿರುಗಿದ. "ಕೋಮಲಾ ಅಲ್ಲ. ರೇಣುಕಪ್ರಸಾದೂ ಅಲ್ಲ. ಅಜ್ಜಂಪುರದಲ್ಲಿ ಇವತ್ತು ಯಾರಿದ್ದಾರೆ?"

"ಯಾರೂ ಇಲ್ಲ," ಎಂದರು ಓಂಕಾರಮೂರ್ತಿ. "ಇವತ್ತು ಅಲ್ಲಿ ಕ್ಲಿನಿಕ್ಕೇ ಇಲ್ಲ. ಬಾಗಿಲು ಹಾಕಿದೆ. ಬೀಗದ ಕೈ ಕಡೂರಿನ ನಮ್ಮನೇಲಿ ಮೊಳೆಗೆ ನೇತುಹಾಕಿರುತ್ತೆ."

ಇನ್ನೊಂದು ಚುಕ್ಕೆ ಹೋಯಿತು.

"ಪಕ್ಕದಲ್ಲಿ ಯಾರಾದ್ರೂ ಗೊತ್ತಿರೋರು?"

ಅಜ್ಜಂಪುರದ ಕ್ಲಿನಿಕ್ಕಿಗೆ ಅಂಟಿಕೊಂಡಂತೆ ಟೈಲರ್ ಕರಿಸಿದ್ದಪ್ಪನ ಅಂಗಡಿಯಿತ್ತು. ಡಾಕ್ಟರು ತಮ್ಮ ಫೋನನ್ನು ಕೌಂಟರಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಮಾಡಿದರು. ಹೊಲಿಗೆ ಯಂತ್ರದ ಸದ್ದು ನಿಂತಿತು.

"ಕರಿಸಿದ್ದಪ್ಪ, ನಮ್ಮ ಕ್ಲಿನಿಕ್ ಬಾಗಿಲು ಒಂಚೂರು ನೋಡಿ."

"ಈಗ್ಲೇ ನೋಡ್ತೀನಿ ಡಾಕ್ಟ್ರೇ." ಚಪ್ಪಲಿಯ ಸದ್ದು. "ಹೊರಗಡೆ ಬೀಗ ಇಲ್ಲ. ಶೆಟರ್ ಒಳಗಿಂದ ಹಾಕ್ಕೊಂಡವ್ರೆ. ಫ್ಯಾನ್ ಓಡ್ತಾ ಐತೆ."

"ಬಡೀರಿ!" ಎಂದು ಕನಕರಾಜು ಫೋನಿನ ಮೇಲೆ ಬಾಗಿದ. "ಓಡಿಹೋಗೋಕೆ ಬಿಡ್ಬೇಡಿ!"

ಡಬ ಡಬ ಎಂದು ತಗಡಿನ ಸದ್ದು. "ಯಾರ್ರೀ ಒಳಗೆ? ತೆಗೀರಿ!"

ತರೀಕೆರೆಯ ಬೆಂಚುಗಳಲ್ಲಿ ಕೂತಿದ್ದವರೆಲ್ಲ ಎದ್ದು ಕೌಂಟರಿನ ಸುತ್ತ ನೆರೆದಿದ್ದರು. ಮಾರಮ್ಮ ಕನಕರಾಜುವಿನ ತೋಳ ಕೆಳಗಿನಿಂದ ತಲೆ ತೂರಿಸಿದ್ದಳು. ಆಗ ಶೆಟರಿನ ಆಚೆಯಿಂದ, ಸಣ್ಣಗೆ, ಯಾವ ಅವಸರವೂ ಇಲ್ಲದ ಹೆಂಗಸಿನ ದನಿ ಬಂತು.

"ಬಡೀಬೇಡಪ್ಪಾ ಕರಿಸಿದ್ದಪ್ಪ. ಇನ್ನೊಂಚೂರು ಕೆಲ್ಸ ಇದೆ. ಮುಗಿಸ್ಕೊಂಡು ನಾನೇ ತೆಗೀತೀನಿ."

ಓಂಕಾರಮೂರ್ತಿಯವರು ಕೌಂಟರಿನ ಅಂಚು ಹಿಡಿದುಕೊಂಡರು.

"ಅಯ್ಯೋ, ಅಮ್ಮಾವ್ರು ಕಣ್ರೀ ಡಾಕ್ಟ್ರೇ!" ಕರಿಸಿದ್ದಪ್ಪ ನಿರಾಳವಾಗಿ ನಕ್ಕ. "ನಿಮ್ಮನೆಯವ್ರು, ಮಲ್ಲಿಕಾಂಬಮ್ಮ. ನಾನು ಯಾರೋ ಕಳ್ಳ ಅನ್ಕೊಂಡು ಕತ್ರಿ ಹಿಡ್ಕೊಂಡ್ ಬಂದಿದ್ದೆ. ಬತ್ತೀನಿ, ಜುಬ್ಬ ಅರ್ಧ ಬಿಟ್ಟು ಬಂದಿವ್ನಿ."

ಫೋನ್ ಕಟ್ಟಾಯಿತು.

"ನಿಮ್ಮನೆಯವ್ರು ಅಜ್ಜಂಪುರಕ್ಕೆ ಹೋಗಿದಾರೆ ಅಂತ ಮೊದ್ಲೇ ಹೇಳ್ಬಾರ್ದಾ?" ಎಂದ ಕನಕರಾಜು.

"ಅವಳು ಬೆಂಗಳೂರಿಗೆ ಹೋಗಿದ್ದಾಳೆ," ಎಂದರು ಡಾಕ್ಟರು. "ಅಕ್ಕನ ಮನೆಗೆ. ಬೆಳಿಗ್ಗೆ ಬೀರೂರು ಸ್ಟೇಷನ್ನಿಗೆ ನಾನೇ ಬಿಟ್ಟು ಬಂದೆ."

ಬೀರೂರು ಜಂಕ್ಷನ್. ಬೆಂಗಳೂರಿಗೂ ಅಲ್ಲಿಂದಲೇ ರೈಲು, ಅಜ್ಜಂಪುರಕ್ಕೂ ಅಲ್ಲಿಂದಲೇ. ಗಂಡನ ಕಾರು ತಿರುಗುವವರೆಗೆ ಕಾದಿದ್ದು ಪ್ಲಾಟ್‌ಫಾರಂ ಬದಲಿಸಿದರೆ ಮುಗಿಯಿತು.

"ಸಾರ್..." ಮಾಲಿನಿಯ ದನಿ ಕೇಳಿಯೂ ಕೇಳದಂತಿತ್ತು. "ಉಳಿದಿರೋದು ಒಂದೇ ಹೆಸ್ರು."

ಖಾಲಿಯಾದ ಪರದೆಯಲ್ಲಿ ಒಂದೇ ಒಂದು ಕೆಂಪು ಚುಕ್ಕೆ ಮಿನುಗುತ್ತಿತ್ತು. ಅದರ ಪಕ್ಕದ ಹೆಸರು: ಓಂಕಾರಮೂರ್ತಿ ಡಾಕ್ಟರ್. ಒಗ್ಗದ ಔಷಧಿ: ಪೆನಿಸಿಲಿನ್.

ಕನಕರಾಜು ಮಫ್ಲರ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಗಂಡುಗಳ ವಿಚಾರಣೆಯಲ್ಲಿ ಅವನು ಕಲಿತದ್ದೊಂದಿತ್ತು: ದೊಡ್ಡ ಪ್ರಶ್ನೆಯನ್ನು ಬಹಳ ಸಣ್ಣದಾಗಿ ಕೇಳಬೇಕು.

"ಡಾಕ್ಟ್ರೇ, ನಿಮಗೇ ಹುಷಾರಿಲ್ದಾಗ ಇಂಜೆಕ್ಷನ್ ಯಾರು ಹಾಕ್ತಾರೆ?"

"ಮಲ್ಲಿಕಾಂಬಾನೇ. ಮದುವೆಗೆ ಮುಂಚೆ ನರ್ಸ್ ಆಗಿದ್ಳು. ಬೆನ್ನು ಹಿಡ್ಕೊಂಡಿದೆ ಅಂತ ಈ ವಾರವೆಲ್ಲ ದಿನಾ ಬೆಳಿಗ್ಗೆ ಒಂದು ಹಾಕ್ತಿದ್ದಾಳೆ. ನಾಳೆಯಿಂದ ಬೇರೆ ಔಷಧಿ ಹಾಕ್ತೀನಿ ಅಂದಿದ್ದಾಳೆ."

"ಯಾವ ಔಷಧಿ?"

ಡಾಕ್ಟರ್ ಓಂಕಾರಮೂರ್ತಿಯವರು ಕನ್ನಡಕ ತೆಗೆದರು. ದಿನಕ್ಕೆ ನೂರಾರು ಜನರಿಗೆ ಅದೇ ಪ್ರಶ್ನೆ ಕೇಳುವ ಮನುಷ್ಯ, ಶಾಲೆಯಲ್ಲಿ ಉತ್ತರ ಬಾರದೆ ಎದ್ದು ನಿಂತ ಹುಡುಗನಂತೆ ಕಂಡರು.

"ಕೇಳಿಲ್ಲ ಕನಕರಾಜು," ಎಂದರು ಮೆಲ್ಲಗೆ. "ಹೆಂಡತಿ ಕೊಟ್ಟಿದ್ದನ್ನ ಯಾರು ಕೇಳ್ತಾರೆ?"

ಪರದೆಯ ಮೇಲಿದ್ದ ಕೊನೆಯ ಕೆಂಪು ಚುಕ್ಕೆ ಅಳಿಸಿಹೋಯಿತು.